ಕರಾಚಿ ಸುಟ್ಟಿತಂತೆ, ಕೊಣ್ಣೂರಿನ ಮನೆ ಒಡೆದರಂತೆ!

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. ಆಮೇಲೆ ಊರವರ ತಪ್ಪಿಗೆ ಬರೋಣ.

2025ರ ಮೇ 8ರ ರಾತ್ರಿ. ಊಟ ಮುಗಿಸಿ ಟಿ.ವಿ. ಮುಂದೆ ಕೂತಿದ್ದೆ. ಸೈರನ್ ಊಳಿಡುತ್ತಿತ್ತು. ಅದು ಗಡಿಯ ಸೈರನ್ ಅಲ್ಲ, ಸ್ಟುಡಿಯೋದ ಸೈರನ್. ನಿರೂಪಕ ಮಹಾಶಯರು ಕುರ್ಚಿ ಬಿಟ್ಟು ಎದ್ದು ನಿಂತು, ನಮ್ಮ ವಿಕ್ರಾಂತ್ ಹಡಗು ಕರಾಚಿ ಬಂದರನ್ನು ಧ್ವಂಸ ಮಾಡಿತು ಎಂದು ಗಂಟಲು ಹರಿದುಕೊಳ್ಳುತ್ತಿದ್ದರು. ಮೊಬೈಲಿನಲ್ಲೂ ಅದೇ ಸುದ್ದಿ, ಜೊತೆಗೆ ಬೆಂಕಿಯ ವಿಡಿಯೋ. ನಾನು ಹಿಂದೆ ಮುಂದೆ ನೋಡಲಿಲ್ಲ. ನಮ್ಮ ಪತ್ರಿಕೆಯ ಓದುಗರ ವಾಟ್ಸಾಪ್ ಗುಂಪಿಗೆ ಅದನ್ನು ತಳ್ಳಿದೆ. ಮೇಲೆ 'ಕರಾಚಿ ಖಲಾಸ್' ಅಂತ ನನ್ನ ಒಗ್ಗರಣೆ ಬೇರೆ.

ರಾತ್ರಿ ಹನ್ನೊಂದೂವರೆಗೆ ಫೋನು. ಬೈಲಹೊಂಗಲದ ಕಡೆಯ ಒಬ್ಬ ತಾಯಿ. ಮಗ ನೌಕಾಪಡೆಯಲ್ಲಿದ್ದಾನೆ.

'ಪೇಪರಿನವರೇನ್ರೀ? ಕರಾಚಿಗೆ ಹೋದ ಹಡಗಿನ್ಯಾಗ ನಮ್ಮ ಹುಡುಗ ಅದಾನೇನ್ರೀ? ಎರಡು ದಿನ ಆತು, ಫೋನ್ ಹತ್ತವಲ್ದು.'

ನನಗೇನು ಗೊತ್ತು? ಗೊತ್ತಿಲ್ಲಮ್ಮ ಅಂದೆ.

'ಸುದ್ದಿ ಹಾಕಿದವರು ನೀವ ಅಲ್ರೀ? ನಿಮಗ ಗೊತ್ತಿರಬೇಕಲ್ಲ?'

ಆ ಪ್ರಶ್ನೆಗೆ ಇವತ್ತಿಗೂ ನನ್ನ ಹತ್ತಿರ ಉತ್ತರ ಇಲ್ಲ. ಹುಡುಗ ಕ್ಷೇಮವಾಗಿದ್ದ, ನಾಲ್ಕು ದಿನ ಬಿಟ್ಟು ಫೋನ್ ಮಾಡಿದ. ಆದರೆ ಆ ನಾಲ್ಕು ದಿನ ಆ ಮನೆಯಲ್ಲಿ ಒಲೆ ಹೇಗೆ ಉರಿಯಿತೋ ದೇವರೇ ಬಲ್ಲ. ಆ ಬೆಂಕಿ ಹಚ್ಚಿದವರಲ್ಲಿ ನಾನೂ ಒಬ್ಬ.

ನಿಜ ಏನು? ಆ ರಾತ್ರಿ ಕರಾಚಿ ಬಂದರಿನ ಮೇಲೆ ದಾಳಿ ಆಗಲೇ ಇಲ್ಲ. ಮೇ 11ರಂದು ಮೂರೂ ಪಡೆಗಳ ಅಧಿಕಾರಿಗಳು ಪತ್ರಕರ್ತರ ಮುಂದೆ ಕೂತಾಗ ನೌಕಾಪಡೆಯವರು ಹೇಳಿದ್ದಿಷ್ಟು: ಉತ್ತರ ಅರಬ್ಬೀ ಸಮುದ್ರದಲ್ಲಿ ನಾವು ಸಜ್ಜಾಗಿ ನಿಂತಿದ್ದೆವು, ಬೇಕೆಂದಾಗ ಕರಾಚಿಯನ್ನೂ ಹೊಡೆಯಬಲ್ಲೆವಾಗಿದ್ದೆವು. ಹೊಡೆದೆವು ಅಂತ ಹೇಳಲಿಲ್ಲ. ಕರಾಚಿಯನ್ನು ನಿಜವಾಗಿ ಹೊಡೆದದ್ದು 1971ರ ಡಿಸೆಂಬರ್ 4ರ ರಾತ್ರಿ. ಹೊಡೆದದ್ದು ನಿಪಾತ್, ನಿರ್ಘಾಟ್, ವೀರ್ ಎಂಬ ಮೂರು ಸಣ್ಣ ಕ್ಷಿಪಣಿ ದೋಣಿಗಳು. ಅದರ ನೆನಪಿಗೇ ಡಿಸೆಂಬರ್ 4 ನೌಕಾಪಡೆಯ ದಿನ. ಪ್ರಾಣ ಪಣಕ್ಕಿಟ್ಟು ಹೋದ ಆ ನಾವಿಕರ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ನಿಜವಾದ ಸಾಹಸ ಮರೆತು ಸುಳ್ಳು ಸಾಹಸಕ್ಕೆ ಚಪ್ಪಾಳೆ ಹೊಡೆದೆವು.

ಆ ದಿನಗಳಲ್ಲಿ ಹರಿದಾಡಿದ ಬೇರೆ ಸುಳ್ಳುಗಳನ್ನೂ ನೋಡಿ. ಗುಜರಾತಿನ ಹಜೀರಾ ಬಂದರಿನ ಮೇಲೆ ದಾಳಿ ಅಂತ ಒಂದು ವಿಡಿಯೋ ಓಡಿತು. ಅದು 2021ರಲ್ಲಿ ಎಣ್ಣೆ ಟ್ಯಾಂಕರ್ ಸಿಡಿದ ಹಳೆಯ ಚಿತ್ರ ಅಂತ ಕೇಂದ್ರ ಸರಕಾರದ ವಾರ್ತಾ ಶಾಖೆ ಹೇಳಬೇಕಾಯಿತು. ಜಲಂಧರದಲ್ಲಿ ಡ್ರೋನ್ ದಾಳಿ ಅಂದರು, ಅದು ಹೊಲಕ್ಕೆ ಬಿದ್ದ ಬೆಂಕಿ. ಎ.ಟಿ.ಎಂ.ಗಳು ಮುಚ್ಚುತ್ತವೆ ಅಂದರು, ಅದೂ ಸುಳ್ಳು. ಟಿ.ವಿ.ಯವರು ಸೈರನ್ ಬಾರಿಸಿ ಬಾರಿಸಿ ಎಂಥ ಸ್ಥಿತಿ ತಂದರೆಂದರೆ, ಇದು ಕೇಳಿ ಕೇಳಿ ಜನ ನಿಜವಾದ ಸೈರನ್‌ಗೂ ಕಿವಿಗೊಡುವುದಿಲ್ಲ, ದಯವಿಟ್ಟು ನಿಲ್ಲಿಸಿ ಅಂತ ಸರಕಾರವೇ ಮೇ 10ರಂದು ಸೂಚನೆ ಹೊರಡಿಸಿತು.

ಇನ್ನು ನಮ್ಮ ಜಿಲ್ಲೆಗೆ ಬರೋಣ.

ಸರಕಾರದ ಪರವಾಗಿ ದಾಳಿಯ ವಿವರ ಕೊಟ್ಟ ಕರ್ನಲ್ ಸೋಫಿಯಾ ಖುರೇಷಿ ಯಾರು? ಹುಟ್ಟಿದ ಊರು ಗುಜರಾತಿನ ವಡೋದರಾ ಆದರೆ, ಗಂಡನ ಮನೆ ನಮ್ಮ ಗೋಕಾಕ ತಾಲೂಕಿನ ಕೊಣ್ಣೂರು. ಜಲಪಾತದ ಪಕ್ಕದ ಊರು. ಗಂಡನೂ ಸೈನ್ಯದ ಅಧಿಕಾರಿ. 'ನಮ್ಮ ಬೆಳಗಾವಿಯ ಸೊಸೆ' ಅಂತ ಜಿಲ್ಲೆಯೆಲ್ಲ ಎದೆ ಉಬ್ಬಿಸಿತು. ಒಂದು ವಾರ ಕಳೆಯುವಷ್ಟರಲ್ಲಿ ಇನ್ನೊಂದು ಪೋಸ್ಟ್ ಬಂತು: ಆ ಸೊಸೆಯ ಮನೆಯ ಮೇಲೆ ಬೆಳಗಾವಿಯಲ್ಲಿ ಸಂಘದವರು ದಾಳಿ ಮಾಡಿ ಮನೆ ಒಡೆದುಹಾಕಿದರಂತೆ! ಕೊಣ್ಣೂರಿನಲ್ಲಿ ಒಂದು ಹಂಚೂ ಅಲುಗಿರಲಿಲ್ಲ. ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿ ಭೀಮಾಶಂಕರ ಗುಳೇದ ಅವರೇ ಮುಂದೆ ಬಂದು ಇದು ಶುದ್ಧ ಸುಳ್ಳು ಎಂದು ಹೇಳಬೇಕಾಯಿತು.

ಇಲ್ಲಿ ಒಂದು ಮಾತು ಗಮನಿಸಬೇಕು. ಕರಾಚಿಯ ಸುಳ್ಳು ಒಂದು ಬಣದ್ದು. ಕೊಣ್ಣೂರಿನ ಸುಳ್ಳು ಇನ್ನೊಂದು ಬಣದ್ದು. ಒಬ್ಬರಿಗೆ ಪಾಕಿಸ್ತಾನ ಸುಟ್ಟುಹೋಗಬೇಕಿತ್ತು, ಇನ್ನೊಬ್ಬರಿಗೆ ಎದುರಿನ ಪಕ್ಷದವರು ಬೆಂಕಿ ಹಚ್ಚಬೇಕಿತ್ತು. ಇಬ್ಬರಿಗೂ ನಿಜ ಬೇಕಿರಲಿಲ್ಲ. ತಮ್ಮ ಮಾತೇ ಸರಿ ಎನ್ನುವುದಕ್ಕೆ ಒಂದು ವಿಡಿಯೋ ಬೇಕಿತ್ತು, ಅಷ್ಟೇ. ಕೊಣ್ಣೂರಿನ ಸುಳ್ಳನ್ನು ಯಾವನಾದರೂ ಗೋಕಾಕದಲ್ಲೋ ಹುಕ್ಕೇರಿಯಲ್ಲೋ ನಂಬಿ ಕಲ್ಲು ಎತ್ತಿದ್ದರೆ? ಗಡಿಯಿಂದ ಅಷ್ಟು ದೂರದಲ್ಲಿ ಇನ್ನೊಂದು ಯುದ್ಧ ಶುರುವಾಗುತ್ತಿತ್ತು.

ನಮ್ಮ ನಾಯಕರ ಕಥೆ ಕೇಳಿ. 2025ರ ಏಪ್ರಿಲ್ 22ರಂದು ಪಹಲ್ಗಾಮದಲ್ಲಿ 26 ಜನರನ್ನು ಕೊಂದರು. ಸತ್ತವರಲ್ಲಿ ಶಿವಮೊಗ್ಗದವರಿದ್ದರು, ಬೆಂಗಳೂರಿನವರಿದ್ದರು. ನಾಲ್ಕು ದಿನಕ್ಕೆ ಮುಖ್ಯಮಂತ್ರಿಯಾಗಿದ್ದ ಸಿದ್ದರಾಮಯ್ಯನವರು ಯುದ್ಧ ಬೇಡ, ಭದ್ರತೆ ಬಿಗಿ ಮಾಡಿ ಅಂದರು. ಆಚೆಯ ಟಿ.ವಿ.ಗಳು ಅದನ್ನೇ ಎತ್ತಿ ಕುಣಿದವು. ಈಚೆಯ ವಿರೋಧಿಗಳು ಅವರಿಗೆ ಪಾಕಿಸ್ತಾನದ ಬಿರುದು ಕೊಟ್ಟರು. ಯುದ್ಧ ಕೊನೆಯ ದಾರಿ ಆಗಬೇಕು ಎಂದು ನಾನು ಹೇಳಿದ್ದು ಅಂತ ಅವರು ಸಮಜಾಯಿಷಿ ಕೊಡಬೇಕಾಯಿತು. ಒಂದು ವಾರದೊಳಗೆ ಅವರದೇ ಸಂಪುಟದ ಜಮೀರ್ ಅಹ್ಮದ್ ಖಾನರು ಎದ್ದು, ಬಾಂಬು ಕೊಡಿ, ಮೈಗೆ ಕಟ್ಟಿಕೊಂಡು ನಾನೇ ಪಾಕಿಸ್ತಾನಕ್ಕೆ ಹೋಗುತ್ತೇನೆ ಅಂದರು! ಸೈನ್ಯ ದಾಳಿ ಮಾಡಿದ ಮೇಲೆ ಕೋಲಾರದ ಕಾಂಗ್ರೆಸ್ ಶಾಸಕ ಕೊತ್ತೂರು ಮಂಜುನಾಥರು, ಮೂರು ನಾಲ್ಕು ವಿಮಾನ ಮೇಲೆ ಕಳಿಸಿ ತೋರಿಕೆ ಮಾಡಿದರು ಅಂತ ಷರಾ ಬರೆದರು.

ಭಾ.ಜ.ಪ.ದವರು ಇವರಿಗೆ ಬುದ್ಧಿ ಹೇಳಬಹುದಿತ್ತು. ಆದರೆ ಮಧ್ಯಪ್ರದೇಶದ ಅವರದೇ ಮಂತ್ರಿ ವಿಜಯ್ ಶಾ, ಅದೇ ಕರ್ನಲ್ ಸೋಫಿಯಾ ಅವರನ್ನು ಭಯೋತ್ಪಾದಕರ ಸಂಬಂಧಿ ಎಂಬ ಅರ್ಥ ಬರುವಂತೆ ಸಭೆಯಲ್ಲಿ ಮಾತಾಡಿದರು. ಮೇ 14ರಂದು ಅಲ್ಲಿಯ ಹೈಕೋರ್ಟು ತಾನೇ ಮುಂದಾಗಿ ಕೇಸು ದಾಖಲಿಸಿ ಅಂತ ಪೊಲೀಸರಿಗೆ ಹೇಳಿತು. ಸುಪ್ರೀಂ ಕೋರ್ಟು ಮಂತ್ರಿಯ ಕ್ಷಮಾಪಣೆಯನ್ನೂ ಒಪ್ಪದೆ ತನಿಖಾ ತಂಡ ನೇಮಿಸಿತು. ಯಾವ ಪಕ್ಷದ ಬಾಯಿಗೂ ಬೀಗ ಇರಲಿಲ್ಲ.

ಮೇ 10. ಮಧ್ಯಾಹ್ನ 3 ಗಂಟೆ 35 ನಿಮಿಷಕ್ಕೆ ಪಾಕಿಸ್ತಾನದ ಸೇನಾಧಿಕಾರಿ ನಮ್ಮ ಅಧಿಕಾರಿಗೆ ಫೋನ್ ಮಾಡಿದರು. ಸಂಜೆ 5ರಿಂದ ಗುಂಡು ನಿಲ್ಲಿಸಲು ಒಪ್ಪಂದ ಆಯಿತು. ಇದನ್ನು ದೇಶಕ್ಕೆ ತಿಳಿಸಿದವರು ವಿದೇಶಾಂಗ ಕಾರ್ಯದರ್ಶಿ ವಿಕ್ರಮ್ ಮಿಸ್ರಿ. ನಮಗಿಂತ ಮೊದಲೇ ಅಮೆರಿಕದ ಟ್ರಂಪ್ ಸಾಹೇಬರು ಡಂಗುರ ಹೊಡೆದಿದ್ದರು, ಆ ಮಾತು ಬೇರೆ. ಆದರೆ ಜನ ಮಿಸ್ರಿಯವರ ಮೇಲೆ ಮುಗಿಬಿದ್ದರು. ದ್ರೋಹಿ ಅಂದರು, ಅವರ ಮಗಳನ್ನೂ ಬಿಡಲಿಲ್ಲ. ಮೇಲಿನವರ ತೀರ್ಮಾನ ಓದಿ ಹೇಳಿದ ನೌಕರ ಆತ! ತೀರ್ಮಾನ ಮಾಡಿದವರನ್ನು ಕೇಳುವ ಧೈರ್ಯ ಇಲ್ಲದವರು ಕಾಗದ ಓದಿದವನ ಮನೆಗೆ ಕಲ್ಲು ಹೊಡೆದರು. ಅದಕ್ಕೂ ಮೊದಲು, ಪಹಲ್ಗಾಮದಲ್ಲಿ ಗಂಡನನ್ನು ಕಳಕೊಂಡ ನೌಕಾಧಿಕಾರಿಯ ಪತ್ನಿ, ಮುಸ್ಲಿಮರ ಮೇಲೆ, ಕಾಶ್ಮೀರಿಗಳ ಮೇಲೆ ದ್ವೇಷ ಬೇಡ, ನಮಗೆ ನ್ಯಾಯ ಬೇಕು, ಶಾಂತಿ ಬೇಕು ಅಂದದ್ದಕ್ಕೆ ಆಕೆಯನ್ನೂ ಹಿಗ್ಗಾಮುಗ್ಗಾ ಬೈದರು. ಮದುವೆಯಾಗಿ ಒಂದು ವಾರ ಕೂಡ ಆಗಿರಲಿಲ್ಲ ಆ ಹೆಣ್ಣುಮಗಳಿಗೆ.

ಹಾಗಾದರೆ ಸೈನ್ಯದ ವಿಷಯ ಮಾತಾಡಲೇಬಾರದೇ? ಬಾಯಿ ಮುಚ್ಚಿಕೊಂಡು ಕೂರಬೇಕೇ? ಹಾಗೆ ಹೇಳುವವರೂ ಇದ್ದಾರೆ. ಪ್ರಶ್ನೆ ಕೇಳಿದರೆ ಸೈನಿಕರಿಗೆ ಅವಮಾನವಂತೆ. ನಾನು ಒಪ್ಪುವುದಿಲ್ಲ.

1962ರ ಅಕ್ಟೋಬರದಲ್ಲಿ ಚೀನಾ ನುಗ್ಗಿತು. ಯುದ್ಧ ನಡೆದಿರುವಾಗಲೇ 37 ವರ್ಷದ ಅಟಲ್ ಬಿಹಾರಿ ವಾಜಪೇಯಿ ನೆಹರೂ ಬಳಿ ಹೋಗಿ ಪಾರ್ಲಿಮೆಂಟು ಕರೆಯಿರಿ ಅಂದರು. ನೆಹರೂ ದೇಶದ್ರೋಹಿ ಅನ್ನಲಿಲ್ಲ. ನವೆಂಬರ್ 8ಕ್ಕೆ ಸಭೆ ಕರೆದರು, ಬೈಸಿಕೊಂಡರು. ಕಾರ್ಗಿಲ್ ಆದ ಮೇಲೆ ಅದೇ ವಾಜಪೇಯಿ ಪ್ರಧಾನಿ. ಕೆ. ಸುಬ್ರಹ್ಮಣ್ಯಂ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ವರದಿ 2000ದಲ್ಲಿ ಪಾರ್ಲಿಮೆಂಟಿಗೆ ಬಂತು. ಕೆಲವು ಪುಟ ಮುಚ್ಚಿಟ್ಟರು ನಿಜ, ಆದರೆ ಎಡವಿದ್ದೆಲ್ಲಿ ಎಂದು ದೇಶಕ್ಕೆ ಗೊತ್ತಾಯಿತು. ಪ್ರಶ್ನೆ ಕೇಳಿದ್ದರಿಂದ ಸೈನ್ಯ ಬಲವಾಯಿತೇ ಹೊರತು ಕುಸಿಯಲಿಲ್ಲ.

2025ರಲ್ಲಿ ಏನಾಯಿತು? ವಿರೋಧ ಪಕ್ಷಗಳು ವಿಶೇಷ ಅಧಿವೇಶನ ಕೇಳಿದವು. ಕರೆಯಲಿಲ್ಲ. ಲೋಕಸಭೆಯಲ್ಲಿ ಚರ್ಚೆ ಶುರುವಾದದ್ದು ಜುಲೈ 28ಕ್ಕೆ, ಅಂದರೆ ಗುಂಡು ನಿಂತು ಹನ್ನೊಂದು ವಾರ ಆದ ಮೇಲೆ. ನಮ್ಮ ವಿಮಾನಗಳೂ ಬಿದ್ದಿವೆ ಎಂದು ಸೇನಾಪಡೆಗಳ ಮುಖ್ಯಸ್ಥ ಜನರಲ್ ಅನಿಲ್ ಚೌಹಾಣ್ ಒಪ್ಪಿದ್ದು ಮೇ 31ರಂದು, ಅದೂ ಸಿಂಗಾಪುರದಲ್ಲಿ, ವಿದೇಶಿ ಪತ್ರಕರ್ತರ ಮುಂದೆ. ಎಷ್ಟು ಎಂದು ಹೇಳಲಿಲ್ಲ. ಆರು ಬಿದ್ದವು ಎಂಬ ಪಾಕಿಸ್ತಾನದ ಮಾತು ಸುಳ್ಳು, ಯಾಕೆ ಬಿದ್ದವು ಎನ್ನುವುದೇ ಮುಖ್ಯ ಎಂದರು. ಆಗಸ್ಟ್ 9ರಂದು ವಾಯುಪಡೆಯ ಮುಖ್ಯಸ್ಥ ಎ.ಪಿ. ಸಿಂಗ್ ನಮ್ಮ ಬೆಂಗಳೂರಿಗೇ ಬಂದು, ಪಾಕಿಸ್ತಾನದ ಐದು ಯುದ್ಧವಿಮಾನ, ಒಂದು ದೊಡ್ಡ ವಿಮಾನ ಉರುಳಿಸಿದೆವು ಎಂದರು. ಪಾಕಿಸ್ತಾನ ಇಲ್ಲ ಅಂದಿತು. ಪಹಲ್ಗಾಮದಲ್ಲಿ ಭದ್ರತೆ ಸೋತದ್ದು ನಿಜ, ಹೊಣೆ ನನ್ನದು ಎಂದು ಜಮ್ಮು ಕಾಶ್ಮೀರದ ಉಪರಾಜ್ಯಪಾಲ ಮನೋಜ್ ಸಿನ್ಹಾ ಒಪ್ಪಿದ್ದು ಜುಲೈ ತಿಂಗಳಲ್ಲಿ.

ಸುಳ್ಳು ಹುಟ್ಟುವುದು ಈ ಸಂದಿಯಲ್ಲಿ ಸ್ವಾಮಿ. ಹೇಳಬೇಕಾದವರು ಹೇಳಬೇಕಾದ ಹೊತ್ತಿಗೆ ಹೇಳುವುದಿಲ್ಲ. ಖಾಲಿ ಬಿಟ್ಟ ಹೊಲದಲ್ಲಿ ಕಸ ಬೆಳೆಯುತ್ತದೆ. ಯುದ್ಧದ ಹೊತ್ತಿನಲ್ಲಿ ಎಲ್ಲ ಹೇಳಲಾಗದು, ಅದು ನನಗೂ ತಿಳಿಯುತ್ತದೆ. ಹಡಗು ಎಲ್ಲಿದೆ ಅಂತ ಹೇಳಿದರೆ ಹಡಗಿನಲ್ಲಿರುವವನ ಜೀವಕ್ಕೇ ಕುತ್ತು. ಆದರೆ ಗುಂಡು ನಿಂತ ಮೇಲೆ ಲೆಕ್ಕ ಕೊಡಲು ಏನು ಅಡ್ಡಿ? ಲೆಕ್ಕ ಕೇಳಬೇಕಾದ ನಾವು ಮೊಬೈಲಿನಲ್ಲಿ ಒಬ್ಬರ ಮೇಲೊಬ್ಬರು ಕೆಸರು ಎರಚುತ್ತಾ ಕೂತರೆ, ಲೆಕ್ಕ ಕೊಡಬೇಕಾದವರಿಗೆ ಅದಕ್ಕಿಂತ ನೆಮ್ಮದಿ ಇನ್ನೇನಿದೆ?

ಬಸ್‌ಸ್ಟ್ಯಾಂಡಿನ ಹಿಂದಿನ ಚಹಾದಂಗಡಿಯಲ್ಲಿ ಸಂಜೆ ಒಂದು ದರ್ಬಾರು ನಡೆಯುತ್ತದೆ. ಅಲ್ಲಿಗೆ ಬರುವವರೆಲ್ಲ ಜನರಲ್‌ಗಳೇ. ರಫೇಲಿನ ರೆಕ್ಕೆ ಎಷ್ಟು ಉದ್ದ, ಎಸ್-400 ಎಷ್ಟು ದೂರ ಹೊಡೆಯುತ್ತದೆ, ಲಾಹೋರಿಗೆ ಎಷ್ಟು ಹೊತ್ತಿನ ದಾರಿ, ಎಲ್ಲ ಬಾಯಿಪಾಠ. ಮೂಲೆಯಲ್ಲಿ ಒಬ್ಬ ನಿವೃತ್ತ ಸುಬೇದಾರರು ಕೂತಿರುತ್ತಾರೆ. ಇಲ್ಲೇ ಮರಾಠಾ ಲೈಟ್ ಇನ್‌ಫಂಟ್ರಿಯಲ್ಲಿ ಇದ್ದವರು. ಅವರು ಮಾತೇ ಆಡುವುದಿಲ್ಲ. ಒಂದು ದಿನ ನಾನೇ ಕೆದಕಿದೆ.

'ನೀವ್ಯಾಕ್ರೀ ಸುಮ್ಮನಿದ್ದೀರಿ?'

'ಇವರು ಒಂದರ ಮಾತು ಕೇಳ್ಯಾರೇನು? ನನ್ನ ಮೊಮ್ಮಗ ಅಗ್ನಿವೀರ ಅದಾನ. ನಾಕು ವರ್ಷ ಮುಗದ ಮ್ಯಾಲ ಅವ ಏನ ಮಾಡಬೇಕು? ಅದನ್ನ ಕೇಳ್ರಿ ಮೊದಲ.'

ಎಲ್ಲರೂ ಒಂದು ಗಳಿಗೆ ಸುಮ್ಮನಾದರು. ಆಮೇಲೆ ಮತ್ತೆ ಲಾಹೋರಿಗೆ ಹೋದರು.

ಇದೇ ನೋಡಿ ನಮ್ಮ ಜಿಲ್ಲೆಯ ಪ್ರಶ್ನೆ. ಅಗ್ನಿಪಥ ಯೋಜನೆ ಬಂದದ್ದು 2022ರ ಜೂನ್ 14ರಂದು. ಹದಿನೇಳೂವರೆ ವರ್ಷದಿಂದ ಹುಡುಗರನ್ನು ತೆಗೆದುಕೊಳ್ಳುತ್ತಾರೆ. ನಾಲ್ಕು ವರ್ಷದ ಸೇವೆ. ಮೊದಲ ವರ್ಷ ತಿಂಗಳಿಗೆ 30,000, ನಾಲ್ಕನೆಯ ವರ್ಷ 40,000 ರೂಪಾಯಿ. ಅದರಲ್ಲಿ ಶೇಕಡಾ 30 ನಿಧಿಗೆ ಹೋಗುತ್ತದೆ. ಕೊನೆಗೆ ಸುಮಾರು 11.71 ಲಕ್ಷ ಕೈಗೆ ಕೊಡುತ್ತಾರೆ. ನೂರಕ್ಕೆ 25 ಜನರವರೆಗೆ ಮಾತ್ರ ಕಾಯಂ. ಉಳಿದವರು ಮನೆಗೆ, ಪಿಂಚಣಿ ಇಲ್ಲ. ಸರಕಾರ ಹೇಳುವುದೂ ಇದೆ: ಸೈನ್ಯ ತರುಣವಾಗುತ್ತದೆ, ಹುಡುಗರಿಗೆ ಶಿಸ್ತು ಬರುತ್ತದೆ, ಬೇರೆ ಪಡೆಗಳಲ್ಲಿ ಮೀಸಲು ಇಡುತ್ತೇವೆ. ಇರಬಹುದು. ಭೂಸೇನೆಯ ಮೊದಲ ತಂಡ ತರಬೇತಿಗೆ ನಿಂತದ್ದು 2023ರ ಜನವರಿಯಲ್ಲಿ. 2026ರ ಕೊನೆಗೆ ನಾಲ್ಕು ವರ್ಷದ ಲೆಕ್ಕ ಬಂದು ನಿಲ್ಲುತ್ತದೆ. ಕೆಲಸ ಎಷ್ಟು, ಯಾರಿಗೆ, ಎಲ್ಲಿ? ಇದನ್ನು ಸಂಸದರನ್ನು ನಿಲ್ಲಿಸಿ ಕೇಳುವುದಕ್ಕೆ ದೇಶಭಕ್ತಿಯ ಸರ್ಟಿಫಿಕೇಟು ಬೇಕಿಲ್ಲ. ಮನೆಯಿಂದ ಹುಡುಗನನ್ನು ಕಳಿಸಿದವರಿಗೆ ಆ ಹಕ್ಕು ಇದ್ದೇ ಇದೆ. ಕಳಿಸದೆ ಕೂತು ಕೂಗುವ ನಮ್ಮಂಥವರಿಗೆ ಅದು ಹಕ್ಕು ಮಾತ್ರವಲ್ಲ, ಋಣ.

ನಾನು ಪಿ.ಯು.ಸಿ. ಅರ್ಧಕ್ಕೆ ಬಿಟ್ಟವನು. ಸೈನ್ಯಕ್ಕೆ ಸೇರಲು ಹೋಗಿ ಓಟದಲ್ಲೇ ಫೇಲಾದವನು. ಯುದ್ಧತಂತ್ರ ನನಗೆ ತಿಳಿಯದು. ಆದರೆ ಆ ರಾತ್ರಿಯ ಮೇಲೆ ಒಂದು ಕಟ್ಟುಪಾಡು ಮಾಡಿಕೊಂಡಿದ್ದೇನೆ. ಯಾರು ಹೇಳಿದರು, ಯಾವಾಗ ಹೇಳಿದರು ಎಂದು ಗೊತ್ತಿಲ್ಲದ ಸುದ್ದಿ ನನ್ನ ಫೋನಿನಿಂದ ಮುಂದೆ ಹೋಗುವುದಿಲ್ಲ. ಬೆಳಿಗ್ಗೆವರೆಗೆ ಕಾದರೆ ನಮ್ಮ ಪತ್ರಿಕೆಗೇನೂ ನಷ್ಟವಿಲ್ಲ. ಹೇಗೂ ನಾವು ಬರುವುದು ಸಂಜೆಗೆ.

ಬೈಲಹೊಂಗಲದ ಆ ತಾಯಿ ಮರುದಿನವೇ ನಮ್ಮ ಗುಂಪು ಬಿಟ್ಟು ಹೋದರು. ವಾಪಸು ಸೇರಿ ಅಂತ ಕೇಳಲು ನನಗೆ ಇನ್ನೂ ಬಾಯಿ ಬಂದಿಲ್ಲ.