ಯಂತ್ರದ ಲೆಕ್ಕ, ಮನುಷ್ಯನ ವಿವೇಕ

ಕಣಕುಂಬಿಯಲ್ಲಿ ಹುಟ್ಟಿ ಬರುವ ಮಲಪ್ರಭೆಯು ಗುಡ್ಡವನ್ನು ಸೀಳಿಕೊಂಡು ಹರಿಯುವ ಇಕ್ಕಟ್ಟಾದ ಕಂದರಕ್ಕೆ ಅಡ್ಡಲಾಗಿ, ಸವದತ್ತಿ ತಾಲ್ಲೂಕಿನ ನವಿಲುತೀರ್ಥದಲ್ಲಿ ನಿಂತಿರುವ ಸುಮಾರು 40 ಮೀಟರ್ ಎತ್ತರದ ಅಣೆಕಟ್ಟು, ಇಂಜಿನಿಯರಿಂಗ್ ಕಲಿಯುವ ನಮ್ಮ ತರುಣರಿಗೆ ಯಾವ ಪಾಠಶಾಲೆಗೂ ಕಡಿಮೆಯಲ್ಲದ ಗುರುವಾಗಿದೆ. ನೀರಿನ ಒತ್ತಡವು ಜಲಾಶಯದ ವಿಸ್ತಾರವನ್ನಲ್ಲ, ಆಳವನ್ನು ಅವಲಂಬಿಸಿರುವುದೆಂಬ ಒಂದು ತತ್ತ್ವವನ್ನು ಬಲ್ಲವನು, 40 ಮೀಟರ್ ಆಳದ ನೀರು ಕಟ್ಟೆಯ ಒಂದೊಂದು ಮೀಟರ್ ಉದ್ದವನ್ನೂ ಸುಮಾರು 800 ಟನ್ ಬಲದಿಂದ ನೂಕುವುದೆಂದೂ, ಆ ಬಲದ ಕೇಂದ್ರವು ಬುಡದಿಂದ ಮೂರನೆಯ ಒಂದು ಪಾಲಿನಷ್ಟು ಎತ್ತರದಲ್ಲಿರುವುದೆಂದೂ, ಆಳ ಇಮ್ಮಡಿಯಾದರೆ ಬಲವು ನಾಲ್ಮಡಿಯಾಗುವುದೆಂದೂ ಒಂದು ಚೀಟಿಯ ಮೇಲೆ ಲೆಕ್ಕಹಾಕಿ ಹೇಳಬಲ್ಲನು. ಅಂಥವನಿಗೆ ಕಂಪ್ಯೂಟರು 80 ಟನ್ ಎಂದು ಉತ್ತರ ಕೊಟ್ಟರೆ ಆ ಕ್ಷಣವೇ ಶಂಕೆ ಹುಟ್ಟುತ್ತದೆ. ತತ್ತ್ವವನ್ನು ಅರಿಯದವನಿಗೆ 80 ಕೂಡ ಸತ್ಯವೇ, 800 ಕೂಡ ಸತ್ಯವೇ.

ಯಂತ್ರದ ಉತ್ತರದ ಮೇಲಿನ ಇಂಥ ಅಂಧಶ್ರದ್ಧೆಯು ಎಂಥ ಅನರ್ಥಕ್ಕೆ ಎಡೆಗೊಡುವುದೆಂಬುದನ್ನು ನಾರ್ವೆ ದೇಶವು ಕಂಡಿದೆ. ಸಮುದ್ರದೊಳಗಿನ ಅನಿಲವನ್ನು ತೆಗೆಯುವುದಕ್ಕಾಗಿ ಕಟ್ಟಿದ ಸ್ಲೈಪ್ನರ್ ಎಂಬ ವೇದಿಕೆಯ ಬೃಹತ್ ಕಾಂಕ್ರೀಟ್ ತಳಭಾಗವು, 1991ರ ಆಗಸ್ಟ್ 23ರಂದು ನೀರಿನಲ್ಲಿ ಇಳಿಸಿ ಪರೀಕ್ಷಿಸುತ್ತಿದ್ದಾಗಲೇ ಗೋಡೆಯೊಡೆದು ಮುಳುಗಿತು. ಆ ಗೋಡೆಯ ಮೇಲೆ ಬಿದ್ದುದೂ ಇದೇ ನೀರಿನ ಒತ್ತಡವೇ. ಆದರೆ ಕಂಪ್ಯೂಟರಿನ ವಿಶ್ಲೇಷಣೆಗಾಗಿ ರಚನೆಯನ್ನು ಒರಟಾಗಿ ವಿಭಜಿಸಿದ್ದರಿಂದ, ಗೋಡೆಯನ್ನು ಕತ್ತರಿಸುವ ಬಲವು ವಾಸ್ತವಕ್ಕಿಂತ ಸುಮಾರು ಶೇಕಡ 47ರಷ್ಟು ಕಡಿಮೆಯೆಂದು ತೋರಿಬಂದಿತ್ತು. ಯಂತ್ರವು ತನಗೆ ಒಪ್ಪಿಸಿದ ಲೆಕ್ಕವನ್ನು ಮಾಡಿತು; ಒಪ್ಪಿಸಿದ ರೀತಿ ಸರಿಯೇ ಎಂದು ವಿಚಾರಿಸುವ ಹೊಣೆ ಮನುಷ್ಯನದಾಗಿತ್ತು.

ನಮ್ಮ ಸೀಮೆಯಲ್ಲಿಯೂ ಈ ಹೊಣೆ ಅಲ್ಪವಾದುದಲ್ಲ. ಬೈಲಹೊಂಗಲದ ಎರೆಭೂಮಿಯು ಮಳೆಗಾಲದಲ್ಲಿ ನೀರು ಕುಡಿದು ಉಬ್ಬಿ, ಬೇಸಗೆಯಲ್ಲಿ ಬಾಯ್ದೆರೆದು ಬಿರಿಯುತ್ತದೆ. ಗಟ್ಟಿ ಗರಸು ಸಿಗುವವರೆಗೆ ಪಾಯ ತೆಗೆಯಬೇಕೆಂಬುದನ್ನು ಗೌಂಡಿಗಳು ಬಲ್ಲರು. ಸ್ಟಾಡ್, ಈಟ್ಯಾಬ್ಸ್ ಮೊದಲಾದ ಕಟ್ಟಡ ವಿನ್ಯಾಸದ ತಂತ್ರಾಂಶಗಳಲ್ಲಿ ಕಂಬದ ಬುಡವನ್ನು ಅಲುಗಾಡದ ಆಧಾರವೆಂದು ಗುರುತಿಸಿದ ಮಾತ್ರಕ್ಕೆ ಕಾಲಡಿಯ ಎರೆಮಣ್ಣು ತನ್ನ ಸ್ವಭಾವವನ್ನು ಬಿಡಲಾರದು. ಮಳೆಯ ಲೆಕ್ಕದಲ್ಲಿಯೂ ಇದೇ ಎಚ್ಚರ ಬೇಕು: ಕಿತ್ತೂರಿನ ಮಳೆಯೇ ಬೇರೆ, ರಾಮದುರ್ಗದ ಮಳೆಯೇ ಬೇರೆ. ಆದರೂ 2019ರ ಆಗಸ್ಟಿನಲ್ಲಿ ಬಯಲುಸೀಮೆಯ ರಾಮದುರ್ಗಕ್ಕೆ ಮಲಪ್ರಭೆಯ ಮಹಾಪೂರ ನುಗ್ಗಿತು. ಊರಿನ ಮಳೆಯ ಅಂಕಿಗಳನ್ನಷ್ಟೇ ನಂಬಿ ಸೇತುವೆಗೆ ರೂಪರೇಷೆ ಬರೆಯುವವನು, ನದಿಯು ದೂರದ ಘಟ್ಟದ ನೀರನ್ನೂ ಹೊತ್ತು ತರುವುದೆಂಬ ಮೊದಲ ಪಾಠವನ್ನೇ ಮರೆತಂತೆ.

ಮನುಷ್ಯನಿಗೆ ತಿಂಗಳುಗಟ್ಟಲೆ ಹಿಡಿಯುವ ಗಣನೆಯನ್ನು ಕ್ಷಣಾರ್ಧದಲ್ಲಿ ಮುಗಿಸುವ ಯಂತ್ರವನ್ನು ತೊರೆಯಬೇಕೆಂದು ಯಾರೂ ಹೇಳರು. ಆದರೆ ಕಾಲೇಜಿನ ಪರೀಕ್ಷೆಯಲ್ಲಾಗಲಿ ಸರಕಾರಿ ಕಾಮಗಾರಿಯ ನಕ್ಷೆಯಲ್ಲಾಗಲಿ, ಕಂಪ್ಯೂಟರಿನ ಉತ್ತರದ ಜೊತೆಗೆ ಕೈಬರಹದ ಸ್ಥೂಲ ಲೆಕ್ಕದ ಒಂದು ಪುಟವು ಕಡ್ಡಾಯವಾಗಿ ಇರತಕ್ಕದ್ದು. ಎರಡಕ್ಕೂ ತಾಳೆಯಾಗದಿದ್ದರೆ, ಕಾರಣ ತಿಳಿಯುವವರೆಗೆ ಆ ನಕ್ಷೆಗೆ ಯಾರೂ ಸಹಿ ಹಾಕಕೂಡದು.