ಗಡಿಯಂಚಿನ ಅಂಗಡಿಗೆ ನಂಬಿಕೆಯ ಸಾಲ ಎಲ್ಲಿದೆ?

ಬೆಂಗಳೂರು-ಹೈದರಾಬಾದ್ ಹೆದ್ದಾರಿಯಲ್ಲಿ ಓಡಾಡುವವರಿಗೆ ಕೊಡಿಕೊಂಡ ಎಂದರೆ ಒಂದು ಚೆಕ್‌ಪೋಸ್ಟು. ಲೇಪಾಕ್ಷಿಯ ಬಸವಣ್ಣನನ್ನು ನೋಡಲು ಹೋಗುವವರು ಇಲ್ಲೇ ಹೆದ್ದಾರಿ ಬಿಟ್ಟು ತಿರುಗುತ್ತಾರೆ. 2017ರ ಜುಲೈಯಲ್ಲಿ ಜಿಎಸ್‌ಟಿ ಬಂದ ಮೇಲೆ ಮಾರಾಟ ತೆರಿಗೆಯ ತನಿಖಾ ಠಾಣೆಗಳು ದೇಶದಲ್ಲೆಲ್ಲ ಎದ್ದುಹೋದವು. ಬಿಲ್ಲು ತೋರಿಸಲು ಲಾರಿಗಳು ಸಾಲುಗಟ್ಟಿ ನಿಲ್ಲುವುದು ತಪ್ಪಿತು. ಲಾರಿ ನಿಂತರೆ ತಾನೆ ಟೀ, ಇಡ್ಲಿ, ಪಂಚರು? ನಿಲ್ಲದೆ ಹೋಗುವವರನ್ನು ನಿಲ್ಲಿಸಬೇಕಾದರೆ ಅಂಗಡಿಗೆ ಒಂದು ಫ್ರಿಜ್ಜು, ಒಳ್ಳೆ ದೀಪ, ನಾಲ್ಕು ಕುರ್ಚಿ ಬೇಕು. ಮೂವತ್ತು ಸಾವಿರದಿಂದ ಎರಡು ಲಕ್ಷದೊಳಗಿನ ಮಾತು. ಬ್ಯಾಂಕಿಗೆ ಇದು ಪುಡಿ ಲೆಕ್ಕ, ಅಂಗಡಿಯವರಿಗೆ ಮನೆಯ ಬದುಕು.

ತೆಲುಗಿನಲ್ಲಿ ‘ಅಪ್ಪು’ ಎಂದರೆ ಸಾಲ. ಕನ್ನಡದಲ್ಲಿ ಅಪ್ಪು ಎಂದರೆ ತಬ್ಬಿಕೋ ಎಂದರ್ಥ. ಎರಡೂ ಭಾಷೆಯಲ್ಲಿ ಬರೆಯುವ ನನಗೆ ಇದು ಬರೀ ಪದಗಳ ಆಟವಾಗಿ ಕಾಣುವುದಿಲ್ಲ. ಸಾಲ ಕೊಡುವವನು ನಮ್ಮ ಕಡೆ ನಗುನಗುತ್ತ ತಬ್ಬಿಕೊಂಡೇ ಬರುತ್ತಾನೆ. ಅವನು ಪರಿಚಿತ, ಬಡ್ಡಿಯ ಲೆಕ್ಕ ಮಾತ್ರ ಅಪರಿಚಿತ.

ದಿನಕ್ಕೆ ನೂರು ರೂಪಾಯಿ

ಡೈಲಿ ಫೈನಾನ್ಸ್ ತಗೊಳ್ಳಿ. ಹತ್ತು ಸಾವಿರದ ಸಾಲ ಅಂತಾರೆ, ಸಾವಿರ ಮೊದಲೇ ಮುರಿದುಕೊಂಡು ಒಂಬತ್ತು ಸಾವಿರ ಕೈಗೆ ಕೊಡ್ತಾರೆ. ದಿನಕ್ಕೆ ನೂರರಂತೆ ನೂರು ದಿನ ಕಟ್ಟಬೇಕು. ‘ಹತ್ತು ಸಾವಿರಕ್ಕೆ ಸಾವಿರ ತಾನೆ, ಹತ್ತು ಪರ್ಸೆಂಟು’ ಅಂತ ನಮ್ಮವರು ಸಮಾಧಾನ ಮಾಡಿಕೊಳ್ಳುತ್ತಾರೆ. ಆದರೆ ಮಾರನೇ ದಿನದಿಂದಲೇ ಅಸಲು ಕರಗುತ್ತಾ ಬರುತ್ತದೆ. ನೂರು ದಿನವೂ ಆ ಒಂಬತ್ತು ಸಾವಿರ ನಮ್ಮ ಹತ್ತಿರ ಇರುವುದಿಲ್ಲ. ಸರಾಸರಿ ನೋಡಿದರೆ ಅದರ ಅರ್ಧದಷ್ಟು. ವರ್ಷದ ಲೆಕ್ಕಕ್ಕೆ ತಿರುಗಿಸಿದರೆ ಬಡ್ಡಿ ಶೇಕಡಾ 77ರ ಹತ್ತಿರ ಬರುತ್ತದೆ. ಊರಿನ ಮೂರು ರೂಪಾಯಿ ಬಡ್ಡಿ ಎಂದರೆ ವರ್ಷಕ್ಕೆ ಶೇ. 36. ಅದೇ ಇದಕ್ಕಿಂತ ಎಷ್ಟೋ ವಾಸಿ ಎನ್ನುವ ಸ್ಥಿತಿ.

ಕಂಪನಿಗಳ ‘ಫ್ಲಾಟ್’ ಬಡ್ಡಿಯದೂ ಇದೇ ಕಥೆ. ಒಂದು ಲಕ್ಷಕ್ಕೆ ಶೇ. 12 ಫ್ಲಾಟ್ ಎಂದು 1,12,000 ರೂ.ಗಳನ್ನು ಹನ್ನೆರಡು ಕಂತಿನಲ್ಲಿ ಕಟ್ಟಿಸಿಕೊಂಡರೆ ನಿಜವಾದ ಬಡ್ಡಿ ಶೇ. 21 ದಾಟುತ್ತದೆ.

ಗಡಿಯ ಎರಡು ಕಡೆ ಎರಡು ಕಾನೂನು

2010ರ ಅಕ್ಟೋಬರಿನಲ್ಲಿ ಅಂದಿನ ಆಂಧ್ರ ಸರ್ಕಾರ ಸುಗ್ರೀವಾಜ್ಞೆ ತಂದಿತು. ವಸೂಲಿಯ ಕಿರುಕುಳಕ್ಕೆ ಜನ ಪ್ರಾಣ ಕಳೆದುಕೊಂಡ ಸುದ್ದಿಗಳು ಪ್ರತಿದಿನ ಬರುತ್ತಿದ್ದ ಕಾಲವದು. ಮರುವರ್ಷ ಅದೇ ಕಾಯಿದೆಯಾಯಿತು. ಮನೆ ಬಾಗಿಲಿನ ವಾರದ ವಸೂಲಿಗೆ ತಡೆ ಬಿತ್ತು. ಕಂತನ್ನು ತಿಂಗಳಿಗೊಮ್ಮೆ ಪಂಚಾಯಿತಿ ಕಚೇರಿಯಂಥ ಸಾರ್ವಜನಿಕ ಜಾಗದಲ್ಲಿ ಕಟ್ಟಬೇಕೆಂದಾಯಿತು. ಕಂಪನಿಗಳು ಆಂಧ್ರದಲ್ಲಿ ಕೈ ಹಿಂದೆಗೆದವು. 2023ರ ಫೆಬ್ರವರಿಯಲ್ಲಿ ತೆಲಂಗಾಣ ಹೈಕೋರ್ಟು, ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿಸಿದ ಕಂಪನಿಗಳಿಗೆ ಈ ಕಾಯಿದೆ ಅನ್ವಯಿಸದು ಎಂದು ತೀರ್ಪಿತ್ತಿತು. ಇತ್ತ ಕರ್ನಾಟಕದಲ್ಲಿ ಸಾಲದ ಹೊರೆ ಏರುತ್ತಾ ಹೋಗಿ, 2025ರ ಫೆಬ್ರವರಿಯಲ್ಲಿ ಬಲವಂತದ ವಸೂಲಿಯ ವಿರುದ್ಧ ಸುಗ್ರೀವಾಜ್ಞೆ ಬಂತು. ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ ಎಂದು ಅದರಲ್ಲಿದೆ.

ಹದಿನೈದು ವರ್ಷದ ಈ ಅನುಭವ ಏನು ಹೇಳುತ್ತದೆ? ಕಾನೂನು ಕೆಟ್ಟ ಸಾಲವನ್ನು ತಡೆಯಬಹುದು, ಒಳ್ಳೆಯ ಸಾಲವನ್ನು ತಾನಾಗಿ ತಂದುಕೊಡದು. ಕಂಪನಿ ಹೋದ ಜಾಗಕ್ಕೆ ಬ್ಯಾಂಕು ಬರಲಿಲ್ಲವೆಂದರೆ ಡೈಲಿ ಫೈನಾನ್ಸಿನವನ ಮೋಟಾರ್ ಸೈಕಲ್ಲು ಬರುತ್ತದೆ.

ಹತ್ತಿರವೇ ಇರುವ ದಾರಿಗಳು

ನಮ್ಮ ನಾಡಿಗೆ ಈ ವಿದ್ಯೆ ಹೊಸದಲ್ಲ. 1905ರಲ್ಲೇ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಪತ್ತಿನ ಸಂಘ ಕಟ್ಟಿದರು. 1980ರ ದಶಕದಲ್ಲಿ ಮೈರಾಡ ಸಂಸ್ಥೆ ಕರ್ನಾಟಕದ ಹಳ್ಳಿಗಳಲ್ಲಿ ಬೆಳೆಸಿದ ಸಣ್ಣ ಗುಂಪುಗಳ ಅನುಭವದ ಮೇಲೆ ನಬಾರ್ಡ್ 1992ರಲ್ಲಿ ಸ್ವಸಹಾಯ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸಿತು. ಆಂಧ್ರದ ಕಡೆ ಇವತ್ತಿಗೂ ಅವನ್ನು ಡ್ವಾಕ್ರಾ ಸಂಘ ಅಂತಲೇ ಕರೆಯುವುದು. ಕಡಿಮೆ ಬಡ್ಡಿಗೆ ಇದಕ್ಕಿಂತ ಹತ್ತಿರದ ಬಾಗಿಲಿಲ್ಲ. ಆದರೆ ಬಂದ ಹಣವನ್ನು ಎಲ್ಲರಿಗೂ ಸಮನಾಗಿ ಹಂಚುವ ರೂಢಿ ಇರುವ ಕಡೆ, ಅಂಗಡಿ ನಡೆಸುವ ಹೆಂಗಸಿಗೂ ಬೇಕಾದಷ್ಟು ಸಿಗುವುದಿಲ್ಲ.

ಉಳಿದದ್ದು ಬ್ಯಾಂಕು. 2015ರಲ್ಲಿ ಶುರುವಾದ ಮುದ್ರಾ ಯೋಜನೆಯ ‘ಶಿಶು’ ಸಾಲ ಐವತ್ತು ಸಾವಿರದವರೆಗೆ, ‘ಕಿಶೋರ’ ಐದು ಲಕ್ಷದವರೆಗೆ, ಅಡಮಾನ ಕೇಳುವಂತಿಲ್ಲ. ಉದ್ಯಮ್ ನೋಂದಣಿಗೆ ಶುಲ್ಕವೇ ಇಲ್ಲ. ಅದಕ್ಕೂ ಸರ್ಕಾರದ ಫೀಸು ಅಂತ ದುಡ್ಡು ಕೇಳಿದರೆ ಅವನು ದಲ್ಲಾಳಿ ಎಂದು ತಿಳಿಯಿರಿ. ಚೀಟಿ ಹಾಕುವವರು 1982ರ ಚಿಟ್ ಫಂಡ್ ಕಾಯಿದೆಯಡಿ ನೋಂದಣಿ ಆಗಿದೆಯೇ ಎಂದು ಮೊದಲು ಕೇಳಲಿ. ಯಜಮಾನನ ಕಮಿಷನ್ ಶೇ. 7ನ್ನು ಮೀರಬಾರದೆಂದು 2019ರ ತಿದ್ದುಪಡಿ ಹೇಳುತ್ತದೆ.

ಬ್ಯಾಂಕಿನಲ್ಲಿ ಗಡಿಯವರಿಗೆ ಇನ್ನೊಂದು ಪೇಚಿದೆ. ಆಧಾರ್ ಚಿಲಮತ್ತೂರು ಮಂಡಲದ್ದು, ಅಂಗಡಿ ಬಾಗೇಪಲ್ಲಿಯಲ್ಲಿ. ಈ ಶಾಖೆ ಆ ಕಡೆ ಕೈ ತೋರಿಸುತ್ತೆ, ಆ ಶಾಖೆ ಈ ಕಡೆ. ಗ್ರಾಮೀಣ ಬ್ಯಾಂಕುಗಳ ಬೋರ್ಡೂ ಬದಲಾಗುತ್ತಲೇ ಇದೆ. ಶ್ರೀ ಅನಂತ ಗ್ರಾಮೀಣ ಬ್ಯಾಂಕು 2006ರಲ್ಲಿ ಆಂಧ್ರ ಪ್ರಗತಿ ಗ್ರಾಮೀಣ ಬ್ಯಾಂಕಿಗೆ ಸೇರಿತು. 2025ರ ಮೇ 1ರಿಂದ ಅದೂ ಆಂಧ್ರಪ್ರದೇಶ ಗ್ರಾಮೀಣ ಬ್ಯಾಂಕಿನಲ್ಲಿ ಒಂದಾಯಿತು. ಅದೇ ದಿನ ಈಚೆ ಬಳ್ಳಾರಿಯನ್ನು ಕೇಂದ್ರವಾಗಿಟ್ಟುಕೊಂಡು ಒಂದೇ ಕರ್ನಾಟಕ ಗ್ರಾಮೀಣ ಬ್ಯಾಂಕಾಯಿತು. ಮೇಲಿನ ಲೆಕ್ಕಕ್ಕೆ ಇದು ಸರಿಯೇ ಇರಬಹುದು. ಆದರೆ ಅಂಗಡಿಯವನಿಗೆ ಬೇಕಾದ್ದು ಅವನ ಅಂಗಡಿಯನ್ನು ಕಣ್ಣಾರೆ ಕಂಡ ಮ್ಯಾನೇಜರು.

ಕಾಗದ ನಮ್ಮ ಭಾಷೆಯಲ್ಲಿರಲಿ

ಎರಡೂ ಲಿಪಿ ಬರುತ್ತದೆಂದು ಜನ ನನ್ನ ಹತ್ತಿರ ಸಾಲದ ಕಾಗದ ಹಿಡಿದು ಬರುತ್ತಾರೆ. ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಹತ್ತಾರು ಪುಟದ ಇಂಗ್ಲಿಷಿನಲ್ಲಿ ನನಗೆ ಸಿಗುವುದು ಮೊತ್ತ ಮತ್ತು ಸಹಿಯ ಜಾಗ ಅಷ್ಟೆ. ಆದರೆ 2024ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕಿನ ಒಂದು ನಿಯಮ ಜಾರಿಯಲ್ಲಿದೆ. ಬ್ಯಾಂಕಾಗಲಿ ಫೈನಾನ್ಸ್ ಕಂಪನಿಯಾಗಲಿ, ಇಂಥ ಸಾಲ ಕೊಡುವ ಮುಂಚೆ ಸಾಲದ ಮುಖ್ಯಾಂಶಗಳ ಪತ್ರವನ್ನು ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕು. ಎಲ್ಲ ಖರ್ಚೂ ಸೇರಿದ ವಾರ್ಷಿಕ ದರ ಅದರಲ್ಲಿರಬೇಕು. ಅದರಲ್ಲಿ ಬರೆಯದ ಶುಲ್ಕವನ್ನು ನಮ್ಮ ಒಪ್ಪಿಗೆಯಿಲ್ಲದೆ ಆಮೇಲೆ ಹಾಕುವಂತಿಲ್ಲ.

ಇದು ನಮ್ಮ ಹಕ್ಕು, ಕೇಳಿ ಪಡೆಯಬೇಕು. ಹಿಂದೂಪುರ, ಮಡಕಶಿರಾ, ಕಲ್ಯಾಣದುರ್ಗದ ಕಡೆ ಕನ್ನಡ ಓದುವವರಿಗೆ ಕನ್ನಡದಲ್ಲಿ, ಬಾಗೇಪಲ್ಲಿಯ ತೆಲುಗರಿಗೆ ತೆಲುಗಿನಲ್ಲಿ ಆ ಪತ್ರ ಸಿಗಲಿ. ಸಿಗದಿದ್ದರೆ ಮೊದಲು ಸಾಲ ಕೊಟ್ಟ ಸಂಸ್ಥೆಗೇ ಬರೆದು ಕೊಡಿ. ಮೂವತ್ತು ದಿನದಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಅದಕ್ಕೆ ಕಾಸು ಖರ್ಚಿಲ್ಲ. 14448ಕ್ಕೆ ಫೋನು ಮಾಡಿದರೆ ಕನ್ನಡ, ತೆಲುಗು ಎರಡರಲ್ಲೂ ಮಾಹಿತಿ ಹೇಳುತ್ತಾರೆ.

ಶ್ರೀಸತ್ಯಸಾಯಿ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳ ಲೀಡ್ ಬ್ಯಾಂಕಿನವರು ಆರು ತಿಂಗಳಿಗೊಮ್ಮೆಯಾದರೂ ಗಡಿಯಲ್ಲಿ ಒಟ್ಟಿಗೆ ಕೂತು ಸಾಲದ ಶಿಬಿರ ನಡೆಸಲಿ. ಯಾವ ಊರಿನ ಅಂಗಡಿಗೆ ಯಾವ ಶಾಖೆ ಎಂದು ಪಟ್ಟಿ ಮಾಡಿ ಪಂಚಾಯಿತಿ ಗೋಡೆಗೆ ಅಂಟಿಸಲಿ. ಹೊಸ ಕಾಯಿದೆಗೆ ಕಾಯಬೇಕಾಗಿಲ್ಲ, ಇದ್ದದ್ದನ್ನು ನಡೆಸಿದರೆ ಸಾಕು.