ಪೌಂಡು ಮತ್ತು ರೂಪಾಯಿ
ಒಂದು ಪೌಂಡಿಗೆ 13 ರೂಪಾಯಿ 5 ಆಣೆ 4 ಪೈ! ಹಳೆಯ ವಹಿಗಳಲ್ಲಿ ಕಾಣುವ ಈ ದರದ ಕಥೆ ವಾಚಕರಿಗೆ ಗೊತ್ತೆ? ಬ್ರಿಟಿಷ್ ಸರಕಾರವು 1927ರಲ್ಲಿ ರೂಪಾಯಿಗೆ 1 ಷಿಲಿಂಗ್ 6 ಪೆನ್ಸ್ ಬೆಲೆ ಕಟ್ಟಿತು. ಇದರಿಂದ ವಿದೇಶೀ ಸರಕು ಅಗ್ಗವಾಗಿ ನಮ್ಮ ಗಿರಣಿಗಳು ಸೊರಗುವುವು, 1 ಷಿಲಿಂಗ್ 4 ಪೆನ್ಸೇ ಇರಲಿ ಎಂದು ಪುರುಷೋತ್ತಮದಾಸ್ ಠಾಕೂರದಾಸರು ವಾದಿಸಿದರೂ ಫಲಿಸಲಿಲ್ಲ. 1949ರಲ್ಲಿ ಪೌಂಡು ಡಾಲರಿನೆದುರು ಇಳಿದಾಗ ರೂಪಾಯಿಯೂ ಅಷ್ಟೇ ಇಳಿಯಿತು. ಅವೆರಡರ ನಡುವಣ ದರ ಕದಲಲಿಲ್ಲ.

ಕದಲಿದ್ದು 1966ರ ಜೂನ್ 6ರಂದು. ರೂಪಾಯಿ ಅಪಮೌಲ್ಯಗೊಂಡು ಪೌಂಡಿಗೆ 21 ರೂಪಾಯಿಯಾಯಿತು. ಲಂಡನ್ನಿನಲ್ಲಿ ಓದುವ ಮಗನಿಗೆ 10 ಪೌಂಡು ಕಳುಹಿಸಲು ಸುಮಾರು 133 ರೂಪಾಯಿ ತೆರುತ್ತಿದ್ದ ತಂದೆ ಅಂದಿನಿಂದ 210 ತೆರಬೇಕಾಯಿತು. ಮಗನ ಊಟ ಹೆಚ್ಚಲಿಲ್ಲ. ತಂದೆಯ ಸಂಬಳವೂ ಹೆಚ್ಚಲಿಲ್ಲ.